ಯೋಧನ ಭುಜ ಏಕೆ ಅಷ್ಟು ದೊಡ್ಡದು?

ಗಣಕಯಂತ್ರದ ಪರದೆಯ ಮೇಲೆ ಒಬ್ಬ ಯೋಧ ನಿಂತಿದ್ದಾನೆ. ಅವನ ಭುಜಕವಚಗಳು ಒಂದೊಂದೂ ಅವನ ತಲೆಗಿಂತ ದೊಡ್ಡವು. ಅವುಗಳಿಂದ ಮೊಳದುದ್ದದ ಮುಳ್ಳುಗಳು ಮೇಲಕ್ಕೆ ಚಾಚಿವೆ. ಆತ ಕತ್ತಿ ಹಿಡಿದ ಕೈಯನ್ನು ಎತ್ತಿದರೆ ಏನಾಗಬೇಕು? ಮುಳ್ಳು ಅವನ ಕೆನ್ನೆಗೇ ಚುಚ್ಚಬೇಕು. ಆದರೆ ಹಾಗಾಗುವುದಿಲ್ಲ. ಉಕ್ಕು ಮಾಂಸದೊಳಗೆ ಸದ್ದಿಲ್ಲದೆ ತೂರಿ ಹೊರಬರುತ್ತದೆ, ಯೋಧ ಹೋರಾಡುತ್ತಲೇ ಇರುತ್ತಾನೆ.

ಸಾವಿರಾರು ಜನ ಅಂತರಜಾಲದ ಮೂಲಕ ಒಂದೇ ಕಲ್ಪನಾಲೋಕವನ್ನು ಹೊಕ್ಕು, ತಲಾ ಒಂದೊಂದು ಪಾತ್ರ ವಹಿಸಿ ಆಡುವ ಆಟಗಳನ್ನು ನಿಮ್ಮಲ್ಲಿ ಹಲವರು ಬಲ್ಲಿರಿ. ಅಮೆರಿಕದ ಬ್ಲಿಝಾರ್ಡ್ ಸಂಸ್ಥೆ 2004ರಲ್ಲಿ ಹೊರತಂದ 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್' ಇವುಗಳಲ್ಲಿ ಬಹಳ ಹೆಸರಾದುದು. ಅದರ ಭುಜಕವಚಗಳೂ ಅಷ್ಟೇ ಹೆಸರಾದವು, ನಗೆಪಾಟಲಿಗೆ ಈಡಾದವು ಕೂಡ.

ಇದಕ್ಕೆ ಕಲಾವಿದರ ಅಜ್ಞಾನ ಕಾರಣವಲ್ಲ. ಇಂತಹ ಆಟದಲ್ಲಿ ಆಡುವವನು ತನ್ನ ಪಾತ್ರವನ್ನು ಹಿಂದಿನಿಂದ, ತುಸು ಮೇಲಿನಿಂದ ನೋಡುತ್ತಾನೆ. ಗಂಟೆಗಟ್ಟಲೆ ಅವನ ಕಣ್ಣಿಗೆ ಬೀಳುವುದು ತಲೆ, ಬೆನ್ನು ಮತ್ತು ಭುಜ. ಪಾತ್ರವೋ ಪರದೆಯಲ್ಲಿ ಗೇಣುದ್ದವೂ ಇರುವುದಿಲ್ಲ. ಅಂದಿನ ಸಾಧಾರಣ ಯಂತ್ರಗಳಲ್ಲಿ ಸೂಕ್ಷ್ಮ ಕುಸುರಿಗೆ ಅವಕಾಶವೂ ಇರಲಿಲ್ಲ. ಆದ್ದರಿಂದ ದೂರದಿಂದಲೇ ಗುರುತು ಹತ್ತುವಂತೆ ಆಕಾರವನ್ನು ಹಿಗ್ಗಿಸಿದರು. ಯಕ್ಷಗಾನದ ವೇಷಧಾರಿ ಭುಜಕೀರ್ತಿ ಕಟ್ಟಿಕೊಳ್ಳುವುದೂ ದೂರದ ಪ್ರೇಕ್ಷಕನಿಗೆ ಕಾಣಲೆಂದೇ ಅಲ್ಲವೇ? ಆದರೆ ಅದು ಕಲಾವಿದನ ಕುಣಿತಕ್ಕೆ ಅಡ್ಡಿಯಾಗುವಂತಿಲ್ಲ. ಪರದೆಯ ಯೋಧನಿಗೆ ಆ ಕಟ್ಟುಪಾಡಿಲ್ಲ.

ನಿಜವಾದ ಕವಚ ಮಾಡುವವನಿಗೆ ಇದ್ದುದೆಲ್ಲ ಕಟ್ಟುಪಾಡೇ. 15ನೆಯ ಶತಮಾನದ ಯುರೋಪಿನಲ್ಲಿ ಮೈಪೂರ್ತಿ ಮುಚ್ಚುವ ಉಕ್ಕಿನ ಕವಚ ಸುಮಾರು 15ರಿಂದ 25 ಕಿಲೋ ತೂಗುತ್ತಿತ್ತು. ಆ ಭಾರ ದೇಹದ ಉದ್ದಕ್ಕೂ ಹಂಚಿಹೋಗುತ್ತಿದ್ದುದರಿಂದ ಅದನ್ನು ತೊಟ್ಟವನು ಓಡಬಲ್ಲವನಾಗಿದ್ದ, ಯಾರ ನೆರವೂ ಇಲ್ಲದೆ ಕುದುರೆ ಏರಬಲ್ಲವನಾಗಿದ್ದ. ಎದೆಕವಚವನ್ನು ನಯವಾಗಿ, ಉಬ್ಬಾಗಿ ಬಡಿಯುತ್ತಿದ್ದರು. ಈಟಿಯ ಮೊನೆ ನಾಟದೆ ಪಕ್ಕಕ್ಕೆ ಜಾರಿಹೋಗಲಿ ಎಂಬುದು ಅದರ ಉದ್ದೇಶ. ಆಟದ ಕವಚಗಳ ಮೇಲಿನ ಮುಳ್ಳು, ಕೊಂಬು, ತಲೆಬುರುಡೆಗಳು ಇದಕ್ಕೆ ತೀರ ವಿರುದ್ಧ. ಜಾರಿಹೋಗಬೇಕಾದ ಪೆಟ್ಟನ್ನು ಅವು ತಡೆದು ನಿಲ್ಲಿಸಿಕೊಳ್ಳುತ್ತವೆ.

ಸ್ತ್ರೀಪಾತ್ರಗಳ ವಿಷಯಕ್ಕೆ ಬಂದರೆ ನಗು ಬರುವುದಿಲ್ಲ. 'ವರ್ಲ್ಡ್ ಆಫ್ ವಾರ್‌ಕ್ರಾಫ್ಟ್'ನ ಮೊದಲ ವರ್ಷಗಳ ಎಷ್ಟೋ ಕವಚಗಳು ಪುರುಷಪಾತ್ರಕ್ಕೆ ತೊಡಿಸಿದರೆ ಮೈಮುಚ್ಚುತ್ತಿದ್ದವು, ಅದೇ ಕವಚ ಸ್ತ್ರೀಪಾತ್ರದ ಮೈಮೇಲೆ ಹೊಟ್ಟೆ, ತೊಡೆಗಳನ್ನು ಬಿಟ್ಟು ಕುಗ್ಗಿಹೋಗುತ್ತಿತ್ತು. ರಕ್ಷಣೆಯ ಅಂಕಿ ಮಾತ್ರ ಇಬ್ಬರಿಗೂ ಒಂದೇ! ಸ್ತನಗಳ ಆಕಾರಕ್ಕೆ ಎರಡು ಉಬ್ಬು ಮಾಡಿದ ಎದೆಕವಚವೂ ಇಂಥದೇ ತಪ್ಪು. ಎರಡು ಉಬ್ಬುಗಳ ನಡುವಿನ ತಗ್ಗು ಕತ್ತಿಯ ಮೊನೆಯನ್ನು ನೇರ ಎದೆಮೂಳೆಯ ಕಡೆಗೆ ನಡೆಸುತ್ತದೆ. 1429ರಲ್ಲಿ ಫ್ರಾನ್ಸಿನ ತೂರ್ ನಗರದಲ್ಲಿ ಜೋನ್ ಆಫ್ ಆರ್ಕ್‌ಳಿಗೆ ಕವಚ ಮಾಡಿಸಿದರು. ಅದಕ್ಕೆ 100 ಲೀವ್ರ್ ಕೊಟ್ಟ ಲೆಕ್ಕ ಉಳಿದಿದೆ, ಕವಚ ಉಳಿದಿಲ್ಲ. ಅದೇ ವರ್ಷ ಓರ್ಲಿಯಾನ್ಸ್‌ನ ಕಾಳಗದಲ್ಲಿ ಅವಳ ಕುತ್ತಿಗೆ ಮತ್ತು ಭುಜದ ನಡುವೆ ಬಾಣ ನಾಟಿತು. ಮೈಯೆಲ್ಲ ಉಕ್ಕು ತೊಟ್ಟವರಿಗೂ ಒಂದು ಸಂದು ಅಪಾಯ ತರುತ್ತಿದ್ದ ಕಾಲ ಅದು. ಆಟ ಆಡಲು ಕುಳಿತ ಹುಡುಗಿಗೆ ಪರದೆಯ ಆ ಅರೆಬೆತ್ತಲೆ ಯೋಧೆ ಹೇಳುವುದೇನು? ನೀನು ಇಲ್ಲಿ ಹೋರಾಡಲು ಬಂದವಳಲ್ಲ, ನೋಡಿಸಿಕೊಳ್ಳಲು ಬಂದವಳು ಎಂದು ತಾನೆ?

ಈ ಎಲ್ಲ ವಿಪರೀತಗಳ ಬೇರು ಒಂದೇ. ಇಲ್ಲಿ ಕವಚ ಎಂಬುದು ಬರಿಯ ಅಂಕಿ. ಅದರ ರೂಪಕ್ಕೂ ಅದು ಕೊಡುವ ರಕ್ಷಣೆಗೂ ಯಾವ ಸಂಬಂಧವೂ ಇಲ್ಲ. ಆಡುವವನು ಹೆಚ್ಚಿನ ಅಂಕಿಯ ಹಿಂದೆ ಹೋಗಲೇಬೇಕು, ಅದು ಯಾವ ವೇಷ ಕೊಟ್ಟರೂ ತೊಡಲೇಬೇಕು. 2007ರ ಜನವರಿಯಲ್ಲಿ ಇದೇ ಆಟಕ್ಕೆ 'ದಿ ಬರ್ನಿಂಗ್ ಕ್ರುಸೇಡ್' ಎಂಬ ಹೊಸ ಭಾಗ ಸೇರಿದಾಗ, ತಿಂಗಳುಗಟ್ಟಲೆ ದುಡಿದು ಗಳಿಸಿದ್ದ ಅಂದದ ಉಡುಪುಗಳಿಗಿಂತ ಹೊಸ ನಾಡಿನಲ್ಲಿ ಸಿಕ್ಕ ಬಿಡಿ ತುಂಡುಗಳಿಗೇ ಅನೇಕ ವೇಳೆ ಅಂಕಿ ಹೆಚ್ಚಿತ್ತು. ಹಸಿರು ಷರಾಯಿ, ನೇರಳೆ ಎದೆಕವಚ, ಕಿತ್ತಳೆ ಕೈಗವಸು! ವೀರರೆಲ್ಲ ಕೋಡಂಗಿಗಳಾದರು. ಆಡುವವರು ಅದನ್ನು ಕರೆದದ್ದೂ ಕೋಡಂಗಿ ವೇಷ ಎಂದೇ.

ಅಂಕಿಯನ್ನೂ ರೂಪವನ್ನೂ ಬೇರ್ಪಡಿಸುವುದು ಅಸಾಧ್ಯವೇನಾಗಿರಲಿಲ್ಲ. 2004ರಲ್ಲೇ ಬಂದಿದ್ದ 'ಸಿಟಿ ಆಫ್ ಹೀರೋಸ್' ಎಂಬ ಆಟದಲ್ಲಿ ಉಡುಪನ್ನು ಆಡುವವರೇ ವಿನ್ಯಾಸ ಮಾಡಿಕೊಳ್ಳಬಹುದಿತ್ತು. ಶಕ್ತಿಗೂ ಅದಕ್ಕೂ ಗಂಟುಹಾಕಿರಲಿಲ್ಲ. 'ವಾರ್‌ಕ್ರಾಫ್ಟ್'ನವರು ಈ ದಾರಿಗೆ ಬಂದದ್ದು 2011ರ ಕೊನೆಗೆ. ಆಟದೊಳಗಿನ ಚಿನ್ನದ ನಾಣ್ಯ ಕೊಟ್ಟರೆ ಒಂದು ಕವಚಕ್ಕೆ ತನ್ನಲ್ಲಿರುವ ಇನ್ನೊಂದರ ರೂಪ ತೊಡಿಸಬಹುದಾಯಿತು. ಹಳೆಯ ಉಡುಪುಗಳನ್ನು ಪೆಟ್ಟಿಗೆಯಲ್ಲಿ ತುಂಬಿಡುವ ತಾಪತ್ರಯ 2016ರಲ್ಲಿ ತಪ್ಪಿತು; ಒಮ್ಮೆ ಗಳಿಸಿದ ರೂಪ ಪಟ್ಟಿಯಲ್ಲಿ ಉಳಿಯತೊಡಗಿತು. ಅದೇ ವರ್ಷ ಇನ್ನೊಂದು ಸಣ್ಣ ಅನುಕೂಲವೂ ಬಂತು. ಬೇಡವೆಂದರೆ ಆ ಭುಜಕವಚವನ್ನು ಕಾಣದಂತೆ ಮರೆಮಾಡಬಹುದು.