ಕಿವಿಯೊಳಗಿನ ನಾಡಿ

ರೈಲು, ಹೆದ್ದಾರಿ, ಕಾರ್ಖಾನೆಗಳ ನಡುವಣ ವಿಕ್ರೋಳಿಯಲ್ಲಿ 'ಕಿವಿಯಲ್ಲಿ ಸದ್ದು' ಎಂದರೆ ಕೇಳಿದವರು ಅದನ್ನು ಊರಿನ ಗದ್ದಲಕ್ಕೆ ಸೇರಿಸಿಬಿಡುವುದು ಸಹಜ. ಆದರೆ ಎಡೆಬಿಡದ 'ಗುಂಯ್' ಬೇರೆ. ನಾಡಿಯ ಲಯಕ್ಕೆ ಸರಿಯಾಗಿ 'ಬುಸ್ ಬುಸ್' ಎನ್ನುವುದು ಬೇರೆ. ಎರಡನೆಯದು ತಲೆಬುರುಡೆಯ ತಳದ ರಕ್ತನಾಳಗಳ ವಿಕೃತಿಯ ಕುರುಹಾಗಿರಬಹುದು. ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ ಆಡಿ, ಆಸ್ಪತ್ರೆಯಲ್ಲಿ ಹಿಂದಿ, ಮರಾಠಿಗಳಲ್ಲಿ ಹೇಳಬೇಕಾದವರ ಬಾಯಲ್ಲಿ ಎರಡೂ 'ಆವಾಜ್' ಆಗಿಬಿಡುವ ಅಪಾಯವುಂಟು. ರೋಗನಿದಾನ ಮೊದಲಾಗುವುದು ಈ ಮಾತಿನಿಂದಲೇ.

ಅಪಧಮನಿಯ ರಕ್ತವು ಲೋಮನಾಳಗಳನ್ನು ಹಾಯ್ದು, ಒತ್ತಡ ಕಳೆದುಕೊಂಡು ಅಭಿಧಮನಿಯನ್ನು ಸೇರುವುದು ಕ್ರಮ. ಮಿದುಳಿನ ಹೊರಪೊರೆಯಲ್ಲಿ ಇವೆರಡಕ್ಕೂ ನೇರ ಸಂಪರ್ಕ ಬೆಳೆದರೆ ಒತ್ತಡದ ರಕ್ತ ಅಭಿಧಮನಿಗೆ ನುಗ್ಗುತ್ತದೆ. (ನಮ್ಮ ಪಠ್ಯಪುಸ್ತಕಗಳು ಇವಕ್ಕೆ ಇಷ್ಟು ಹತ್ತಿರದ ಹೆಸರುಗಳನ್ನಿಟ್ಟು ಮಕ್ಕಳನ್ನು ಕಾಡಿಸಿರುವುದು ಬೇರೆಯ ವಿಷಯ.) ಕಣ್ಣಿನ ಹಿಂಬದಿಯಲ್ಲಿ ಹೀಗಾದರೆ ಕಣ್ಣು ಕೆಂಪೇರಿ, ಮುಂಚಾಚಿ ಮಿಡಿಯುತ್ತದೆ. 1809ರಲ್ಲಿ ಲಂಡನ್ನಿನ ಬೆಂಜಮಿನ್ ಟ್ರಾವರ್ಸ್ ಅಂಥ ರೋಗಿಯ ಕೊರಳಿನ ಅಪಧಮನಿಯನ್ನೇ ಕಟ್ಟಿದರು.

ಕಿವಿಯ ಹಿಂದೆ ಸ್ಟೆತಸ್ಕೋಪು ಇಟ್ಟರೆ ಆ ಸದ್ದು ಕೆಲವೊಮ್ಮೆ ವೈದ್ಯರಿಗೂ ಕೇಳಿಸುತ್ತದೆ. ಸಣ್ಣ ವಿಕೃತಿ ಎಂ.ಆರ್.ಐ.ಗೆ ತಪ್ಪಿಹೋಗಬಹುದು, ನಿರ್ಣಾಯಕವಾದುದು ಆಂಜಿಯೋಗ್ರಫಿ. ಮಿದುಳಿಗೆ ಅದನ್ನು 1927ರಲ್ಲಿ ಆರಂಭಿಸಿದವರು ಪೋರ್ಚುಗಲ್ಲಿನ ಎಗಾಸ್ ಮೋನಿಜ್. ಅದರಲ್ಲಿ ನೋಡಬೇಕಾದುದು ರಕ್ತ ಎತ್ತ ಹರಿಯುತ್ತದೆ ಎಂಬುದನ್ನು. ಮಿದುಳಿನ ಮೇಲ್ಮೈಯ ಅಭಿಧಮನಿಗಳಿಗೆ ಹಿಮ್ಮುಖವಾಗಿ ಹರಿದರೆ ರಕ್ತಸ್ರಾವದ ಭಯವಿದೆ, ತಡಮಾಡಬಾರದು; ಇಲ್ಲವಾದರೆ ಎಷ್ಟೋ ಸಲ ಕಾದು ನೋಡಬಹುದು. ಚಿಕಿತ್ಸೆಯಲ್ಲಿ ತೊಡೆಸಂದಿನ ನಾಳದಿಂದ ಕ್ಯಾತಿಟರ್ ಏರಿಸಿ, ಅಂಟುದ್ರವದಿಂದಲೋ ಪ್ಲಾಟಿನಂ ಸುರುಳಿಗಳಿಂದಲೋ ಸಂಪರ್ಕವನ್ನು ಮುಚ್ಚುತ್ತಾರೆ. ಅದು ಸಾಗದೆಡೆ ಶಸ್ತ್ರಕ್ರಿಯೆ ಇಲ್ಲವೆ ವಿಕಿರಣ. ವಿಕಿರಣದ ಫಲ ಕಾಣಲು ವರ್ಷಗಳೇ ಬೇಕು.

ಕಾದು ನೋಡುತ್ತಿರುವವರಲ್ಲಿ ಸದ್ದು ತಟಕ್ಕನೆ ನಿಂತರೂ ಮತ್ತೆ ಪರೀಕ್ಷೆ ಆಗಬೇಕು. ಗುಣವಾಗಿರಬಹುದು; ಹರಿವಿನ ದಾರಿ ಬದಲಾಗಿರಲೂಬಹುದು.