ನಿಮಗಿದು ಗೊತ್ತೆ? ಕಂಪ್ಯೂಟರ್‌ಗೆ 'ಭಾರತ' ಹೀಗೆ ಕಾಣುತ್ತದೆ!

ಜಾಲತಾಣದ ವಿಳಾಸದ ಕೊನೆಗೆ ಕನ್ನಡದಲ್ಲೇ '.ಭಾರತ' ಎಂದು ಬರೆಯಬಹುದು. ಆದರೆ ಇಂಟರ್‌ನೆಟ್‌ನ ವಿಳಾಸ ಪಟ್ಟಿಯಲ್ಲಿ ಅದು ಇರುವುದು ಹೀಗೆ: ಎಕ್ಸ್, ಎನ್, ಎರಡು ಅಡ್ಡಗೆರೆ, 2, ಎಸ್, ಸಿ, ಆರ್, ಜೆ, 9, ಸಿ. ಬಾಯಿಪಾಠ ಮಾಡಬೇಕಿಲ್ಲ. ನಾವು ಕನ್ನಡದಲ್ಲಿ ಟೈಪ್ ಮಾಡಿದ್ದನ್ನು ಬ್ರೌಸರೇ ಹಾಗೆ ಬದಲಿಸಿಕೊಳ್ಳುತ್ತದೆ. ಒಡಿಯಾ ಲಿಪಿಯ 'ಭಾರತ'ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎರಡೇ ಚಿಹ್ನೆ: '2, ಎಸ್' ಜಾಗದಲ್ಲಿ '3, ಎಚ್'. ಯೂನಿಕೋಡ್‌ನಲ್ಲಿ ಎರಡೂ ಲಿಪಿಗಳ ಅಕ್ಷರಗಳು ಒಂದೇ ಕ್ರಮದಲ್ಲಿ ಕೂತಿರುವುದೇ ಕಾರಣ.

ಚುಕ್ಕಿಯಿಂದ ಚುಕ್ಕಿಯವರೆಗಿನ ಹೆಸರು, ಹೀಗೆ ಬದಲಾದ ಮೇಲೂ, 63 ಚಿಹ್ನೆ ಮೀರುವಂತಿಲ್ಲ. ಚಿಕ್ಕನಾಯಕನಹಳ್ಳಿಯವರು ಗಾಬರಿಯಾಗುವುದು ಬೇಡ, ಇಂಗ್ಲಿಷ್‌ನಲ್ಲಿ ಬರೆದರೂ 19 ಅಕ್ಷರವಷ್ಟೇ!

ಹೆಸರು ಹಂಚುವ ನಿಯಮ ಸರಳ: ಮೊದಲು ಬಂದವರಿಗೆ ಮೊದಲು. ತಿಪಟೂರಿನ ಕೊಬ್ಬರಿ ಮಂಡಿಯವರೊಬ್ಬರು ಒಂದು ಹೆಸರು ಬರೆಸಿಕೊಂಡರೆ ತುರುವೇಕೆರೆಯ ವರ್ತಕರಿಗೆ ಅದೇ ಹೆಸರು ಸಿಗದು. ಹಣ ಕೊಟ್ಟರೂ ಹೆಸರು ಶಾಶ್ವತವಾಗಿ ನಮ್ಮದಲ್ಲ. ಅವಧಿ ಮುಗಿದ ಮೇಲೆ ನವೀಕರಿಸದಿದ್ದರೆ ಬೇರೆಯವರ ಪಾಲು. ಕನ್ನಡದ 'ಅ', 'ಲ' ತೆಲುಗಿನವನ್ನೇ ಹೋಲುವುದರಿಂದ ವಿಳಾಸದಲ್ಲಿ ಮೋಸವಾಗದಂತೆ ಲಿಪಿ ತಜ್ಞರು ಪ್ರತ್ಯೇಕ ನಿಯಮವನ್ನೂ ರೂಪಿಸಿದ್ದಾರೆ.

ಬೇರೆಯವರ ಟ್ರೇಡ್‌ಮಾರ್ಕನ್ನು ದುರುದ್ದೇಶದಿಂದ ವಿಳಾಸವಾಗಿಸಿಕೊಂಡರೆ? '.ಇನ್' ಮತ್ತು '.ಭಾರತ' ನೋಡಿಕೊಳ್ಳುವ ನಿಕ್ಸಿ ಸಂಸ್ಥೆಗೆ ದೂರು ಕೊಡಬಹುದು. ಅದು ನೇಮಿಸುವ ಮಧ್ಯಸ್ಥಗಾರರು ಹೆಸರನ್ನು ರದ್ದು ಮಾಡಬಹುದು, ಇಲ್ಲವೇ ದೂರುದಾರರಿಗೇ ಕೊಡಿಸಬಹುದು.