ಕೃತಕ ಬೆರಳು ಮುಟ್ಟಿತು, ತೋಳಿಗೆ ಗೊತ್ತಾಯಿತು!

ಒಂದು ಒಗಟು. ಕಣ್ಣು ಕಾಣದವರನ್ನು ವರ್ಚುವಲ್ ರಿಯಾಲಿಟಿಯ ಮಾಯಾಲೋಕಕ್ಕೆ ಕರೆದೊಯ್ಯಬೇಕು. ಯಾವ ಬಾಗಿಲಿನಿಂದ?

ಕಿವಿ ಅಂದಿರಾ? ಸರಿ, ಅದೂ ಒಂದು. ಆದರೆ ಅದಕ್ಕಿಂತ ದೊಡ್ಡ ಬಾಗಿಲೊಂದು ನಿಮ್ಮ ಬಳಿಯೇ ಇದೆ. ಸುಮಾರು 2 ಚದರ ಮೀಟರ್ ವಿಸ್ತಾರ! ಹೇಳಿ ನೋಡೋಣ?

ಚರ್ಮ! ಹೌದು, ನಿಮ್ಮದೇ ಮೈಚರ್ಮ!

ಹೆಡ್‌ಸೆಟ್ ಹಾಕಿಕೊಂಡರೆ ಕಣ್ಣಿಗೆ ಹಬ್ಬ, ಕಿವಿಗೆ ಹಬ್ಬ. ಮೈಗೆ ಮಾತ್ರ ಉಪವಾಸ. ಆ ಉಪವಾಸ ಮುರಿದದ್ದು ಶಿಕಾಗೋ ಮಗ್ಗುಲಿನ ಎವನ್‌ಸ್ಟನ್‌ನಲ್ಲಿ. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಜಾನ್ ರೋಜರ್ಸ್ ಮತ್ತು ಸಂಗಡಿಗರು 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅದನ್ನು ಲೋಕಕ್ಕೆ ತೋರಿಸಿದರು.

ಏನದು? ಒಂದು ಮೆತ್ತನೆಯ ಸಿಲಿಕೋನ್ ಹಾಳೆ. ಉದ್ದ 15 ಸೆಂ.ಮೀ., ಅಗಲವೂ ಅಷ್ಟೇ. ಮಡಿಸಿಟ್ಟ ಕರ್ಚೀಫಿನಷ್ಟು! ಒಳಗೆ 32 ಪುಟಾಣಿ ಬಿಲ್ಲೆಗಳು. ಮೊಬೈಲ್ ಅದುರುತ್ತದಲ್ಲ, ಹಾಗೆ ಅದುರುತ್ತವೆ. ಸೆಕೆಂಡಿಗೆ 200 ಸಲ!

ಬ್ಯಾಟರಿ ಎಲ್ಲಿದೆ? ಹುಡುಕಿ. ಇಲ್ಲವೇ ಇಲ್ಲ! ವೈರೂ ಇಲ್ಲ! ಪಕ್ಕದ ಆಂಟೆನಾದಿಂದ ಗಾಳಿಯಲ್ಲೇ ವಿದ್ಯುತ್ತು ಬರುತ್ತದೆ. ಮೆಟ್ರೋ ಕಾರ್ಡ್ ತಾಗಿಸಿದರೆ ಗೇಟು ತೆರೆಯುತ್ತದಲ್ಲ, ಆ ಜಾತಿಯ ತಂತ್ರವೇ.

ಈಗ ಕೇಳಿ. ಕೈಯ ಕೆಳಭಾಗ ಕಳೆದುಕೊಂಡ ಒಬ್ಬರ ತೋಳಿಗೆ ಇದನ್ನು ಅಂಟಿಸಿದರು. ಅವರ ಕೃತಕ ಕೈಯ ಬೆರಳ ತುದಿಗೆ ಸೆನ್ಸರ್ ಇಟ್ಟರು. ಬೆರಳು ವಸ್ತುವೊಂದನ್ನು ಹಿಡಿಯಿತು. ಸುದ್ದಿ ತೋಳಿಗೆ ಹಾರಿತು. ಹಿಡಿದದ್ದರ ಆಕಾರ ತೋಳಿಗೆ ತಿಳಿಯಿತು! ಜೀವವಿಲ್ಲದ ಬೆರಳಿಗೆ ಸ್ಪರ್ಶ! ಓದುತ್ತಿದ್ದಂತೆ ನನಗಂತೂ ಮೈ ಜುಮ್ಮೆಂದಿತು.

ಮುಗಿಯಿತೇ? ಎಲ್ಲಿ ಮುಗಿಯಿತು! 2024ರಲ್ಲಿ ರೋಜರ್ಸ್ ತಂಡದ ಹೊಸ ಸಾಧನ ಬಂತು. ಜೇನುಗೂಡಿನ ಕಣದಂತೆ ಆರು ಮೂಲೆ, ಒಳಗೆ 19 ಬಿಲ್ಲೆ. ಇವು ಬರೀ ಅದುರುವುದಿಲ್ಲ. ಒತ್ತುತ್ತವೆ, ತಿರುಚುತ್ತವೆ! ಇದಕ್ಕೆ ಬ್ಯಾಟರಿ ಉಂಟು, ಆದರೆ ಚಿಕ್ಕದೇ ಸಾಕು. ಯಾಕೆ ಗೊತ್ತೇ? ನಿಮ್ಮ ಚರ್ಮವೇ ಸ್ಪ್ರಿಂಗಿನಂತೆ ಶಕ್ತಿಯನ್ನು ಹಿಡಿದಿಟ್ಟು ವಾಪಸು ಕೊಡುತ್ತದೆ!

ಮೊಬೈಲಿನ ಲೇಸರ್ ಎದುರಿಗಿರುವ ವಸ್ತುವಿನ ದೂರ ಅಳೆಯುತ್ತದೆ. ಸಾಧನ ಅದನ್ನು ಮೈಗೆ ಒತ್ತಿ ಹೇಳುತ್ತದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ಅಡ್ಡ ಇಟ್ಟ ಸಾಮಾನುಗಳನ್ನು ತಪ್ಪಿಸಿಕೊಂಡು ನಡೆದರು. ಚರ್ಮವನ್ನೇ ನಂಬಿ!

ನಂಬಿಕೆ ಬರಲಿಲ್ಲವೇ? ಚಿಕ್ಕಂದಿನಲ್ಲಿ ಒಬ್ಬರ ಬೆನ್ನ ಮೇಲೆ ಒಬ್ಬರು ಬೆರಳಲ್ಲಿ ಬರೆದು ‘ಯಾವ ಅಕ್ಷರ ಹೇಳು’ ಎಂದು ಆಡುತ್ತಿರಲಿಲ್ಲವೇ? ಇವತ್ತು ಮನೆಯಲ್ಲಿ ಯಾರಿಂದಾದರೂ ಒಂದು ‘ಅ’ ಬರೆಸಿಕೊಳ್ಳಿ. ಕಣ್ಣು ಮುಚ್ಚಿಕೊಂಡೇ ಓದಿ!